ಕೆಮ್ಮು ನಿಲ್ಲಿಸಿದ್ದು ಯಾವ ಮಾತ್ರೆ ಅಂತ ಗೊತ್ತಾಗೋಕೆ ನನಗೆ ಒಂದು ವರ್ಷ ಬೇಕಾಯ್ತು

ಮಾತ್ರೆ ಮುಗಿದು ಸರಿಯಾಗಿ ಹನ್ನೊಂದು ದಿನಕ್ಕೆ ರಾತ್ರಿ ಮೂರು ಗಂಟೆಗೆ ಎಚ್ಚರ ಆಯ್ತು. ಎದೆ ಒಳಗೆ ಬೆಕ್ಕಿನ ಮರಿ ಕೂಗಿದ ಹಾಗೆ ಸಣ್ಣಗೆ ಸುಯ್ ಅನ್ನೋ ಶಬ್ದ, ಅದರ ಹಿಂದೇನೇ ಕೆಮ್ಮು. ಎದ್ದು ಕೂತ್ಕೊಂಡೆ, ಎರಡು ದಿಂಬು ಇಟ್ಟು ಒರಗಿದೆ, ಬಿಸಿನೀರು ಕುಡಿದೆ, ಏನೂ ಆಗ್ಲಿಲ್ಲ. ಆಗ ತಲೆಗೆ ಬಂದಿದ್ದು ಒಂದೇ ಯೋಚನೆ, ಆಂಟಿಬಯಾಟಿಕ್ ಸಾಲ್ಲಿಲ್ಲ ಅನ್ಸುತ್ತೆ, ಇನ್ನೊಂದು ಕೋರ್ಸ್ ತಗೋಬೇಕು ಅಂತ. ಆಂಟಿಬಯಾಟಿಕ್ಕೇ ಮದ್ದು ಅನ್ನೋ ಈ ಯೋಚನೆ ಮೊದಲಿಂದಾನೂ ನನ್ನನ್ನ ಹತ್ತಿರ ಹತ್ತಿರ ಒಂದು ವರ್ಷ ಸುತ್ತಾಡಿಸ್ತು, ಕೊನೆಗೆ ಆಸ್ಪತ್ರೆ ಎಮರ್ಜೆನ್ಸಿ ವಾರ್ಡಿನ ಮಂಚದ ಮೇಲೆ ತಂದು ಕೂರಿಸ್ತು. ಇದೇ ಥರ ಕೆಮ್ಮಿಕೊಂಡು ಅದೇ ಹಳೇ ಚೀಟಿ ಹಿಡ್ಕೊಂಡು ಓಡಾಡೋರು ಬಹಳ ಜನ ಇದಾರೆ ಅಂತ ಗೊತ್ತಿರೋದ್ರಿಂದ ಎಲ್ಲಾ ಬಿಡಿಸಿ ಬರೀತಿದೀನಿ.

ಶುರುವಾಗಿದ್ದು ಸಾಮಾನ್ಯ ನೆಗಡಿಯಿಂದ. ಮೂಗು ಸೋರಿ ನಾಲ್ಕು ದಿನಕ್ಕೆ ನಿಂತೋಯ್ತು, ಕೆಮ್ಮು ಮಾತ್ರ ಎದೆಗೆ ಇಳೀತು. ಕಫ ಮೊದಲು ಬೆಳ್ಳಗಿತ್ತು, ಆಮೇಲೆ ಹಳದಿ ಆಯ್ತು, ಆ ಹಳದಿ ನೋಡಿ ಹೆದರಿ ಡಾಕ್ಟರ್ ಹತ್ರ ಹೋದೆ. ಅವರು ಸ್ಟೆತ್ ಇಟ್ಟು ನೋಡಿ ಮೂರು ಬರೆದ್ರು: ಮೂರು ದಿನಕ್ಕೆ ಅಜಿಥ್ರೊಮೈಸಿನ್ ಅನ್ನೋ ಆಂಟಿಬಯಾಟಿಕ್, ಐದು ದಿನಕ್ಕೆ ಬೆಳಗ್ಗೆ ಹೊತ್ತು ತಗೊಳ್ಳೋ ಸಣ್ಣ ಬಿಳಿ ಮಾತ್ರೆ, ಒಂದು ಸಿರಪ್. ಬಿಳಿ ಮಾತ್ರೆ ಏನು ಅಂತ ನಾನೂ ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ. ಮಾರನೇ ದಿನಾನೇ ಎದೆ ಹಗುರ ಆಯ್ತು, ಎರಡನೇ ರಾತ್ರಿ ಮಗು ಥರ ನಿದ್ದೆ ಮಾಡಿದೆ. ಸಿಕ್ಕಿದೋರಿಗೆಲ್ಲಾ ಹೇಳ್ಕೊಂಡು ಬಂದೆ, ಆ ಆಂಟಿಬಯಾಟಿಕ್ ಬಹಳ ಪವರ್‌ಫುಲ್ಲು, ಒಂದೇ ದಿನದಲ್ಲಿ ಹಿಡೀತು ಅಂತ.

ಎರಡು ತಿಂಗಳಿಗೆ ಮತ್ತೆ ನೆಗಡಿ, ಮತ್ತೆ ಕೆಮ್ಮು, ಮತ್ತೆ ಅದೇ ಮೂರು ಔಷಧಿ, ಮತ್ತೆ ಅದೇ ಥರ ಒಂದೇ ದಿನಕ್ಕೆ ಆರಾಮ. ಮೂರನೇ ಸಲ ಡಾಕ್ಟರ್ ಹತ್ರ ಹೋಗೋದೇ ಬಿಟ್ಟೆ, ಚೀಟಿ ಹೆಂಗಿದ್ರೂ ಇತ್ತಲ್ಲ, ಔಷಧಿ ಅಂಗಡಿಗೆ ತೋರ್ಸಿದೆ ಕೊಟ್ರು. ಆಗ್ಲೂ ಕೆಲಸ ಮಾಡ್ತು. ಮಾತ್ರೆ ಮುಗಿದ ಹನ್ನೊಂದು ದಿನಕ್ಕೆ ಆ ರಾತ್ರಿ ಕೆಮ್ಮು ಬಂತು ಅಂತ ಮೇಲೆ ಹೇಳಿದ್ನಲ್ಲ, ಅದು ಇದಾದ್ಮೇಲೆ.

ಈ ನಾಲ್ಕನೇ ಸಲ ಒಂದು ಸಣ್ಣ ವಿಷಯ ನಡೀತು. ಅಂಗಡೀಲಿ ಆಂಟಿಬಯಾಟಿಕ್ ಕೊಟ್ರು, ಬಿಳಿ ಮಾತ್ರೆ ಇವತ್ತು ಇಲ್ಲ ಅಂದ್ರು. ಮುಖ್ಯವಾದದ್ದು ಸಿಕ್ತಲ್ಲ, ಅದು ಇಲ್ದಿದ್ರೇನು ಅಂತ ಅಂದ್ಕೊಂಡು ಬಂದ್ಬಿಟ್ಟೆ. ಮೂರು ದಿನದ ಕೋರ್ಸ್ ಪೂರ್ತಿ ತಗೊಂಡೆ, ಒಂದು ಚೂರೂ ಕಮ್ಮಿ ಆಗ್ಲಿಲ್ಲ, ಬದಲಿಗೆ ಮೆಟ್ಟಿಲು ಹತ್ತಿದ್ರೆ ಏದುಸಿರು ಬರೋಕೆ ಶುರು ಆಯ್ತು. ಬ್ಯಾಕ್ಟೀರಿಯಾ ಗಟ್ಟಿ ಆಗ್ಬಿಟ್ಟಿದೆ ಅಂತ ನಾನೇ ತೀರ್ಮಾನ ಮಾಡಿ ಇನ್ನೂ ದೊಡ್ಡದು ಅಂತ ಲೆವೊಫ್ಲಾಕ್ಸಾಸಿನ್ ತಂದು ನುಂಗಿದೆ. ಹೊಟ್ಟೆ ಕೆಟ್ಟೋಯ್ತು, ಬಾಯಿ ರುಚಿ ಹೋಯ್ತು, ಕೆಮ್ಮು ಇದ್ದ ಹಾಗೇ ಇತ್ತು. ಉತ್ತರ ಕಣ್ಣ ಮುಂದೇನೇ ಇತ್ತು. ಆಂಟಿಬಯಾಟಿಕ್ ಒಂದೇ ತಗೊಂಡಾಗ ಏನೂ ಆಗ್ತಿಲ್ಲ, ಅಂದ್ರೆ ಹಿಂದೆ ಮೂರು ಸಲ ಕೆಲಸ ಮಾಡಿದ್ದು ಬೇರೆ ಯಾವುದೋ. ನನಗೆ ಅದು ಆಗ ಹೊಳೀಲೇ ಇಲ್ಲ.

ಐದನೇ ದಿನ ರಾತ್ರಿ ಅಕ್ಕನಿಗೆ ಫೋನ್ ಮಾಡಿ "ನನಗೆ ಉಸಿರು" ಅಂದೆ, ನಿಲ್ಲಿಸಿ ಮತ್ತೆ ಗಾಳಿ ಎಳ್ಕೊಂಡು "ಕಟ್ತಿದೆ" ಅಂದೆ. ಅಷ್ಟು ಸಾಕಾಯ್ತು ಅವಳಿಗೆ, ಬಂದು ಕರ್ಕೊಂಡು ಹೋದ್ಲು.

ಎಮರ್ಜೆನ್ಸೀಲಿ ಇದ್ದ ಡಾಕ್ಟರಮ್ಮ ಮೊದಲು ಕೇಳಿದ್ದು ಕಫದ ಬಣ್ಣ ಅಲ್ಲ, "ನಿಮ್ಮ ಹೆಸರು, ಎಷ್ಟು ದಿನದಿಂದ ಅಂತ ಒಂದೇ ಉಸಿರಿಗೆ ಹೇಳಿ ನೋಡೋಣ" ಅಂದ್ರು. ಆಗ್ಲಿಲ್ಲ, ಮೂರು ಪದಕ್ಕೆ ಒಂದು ಸಲ ನಿಲ್ಲಬೇಕಾಯ್ತು. ಬೆರಳಿಗೆ ಸಿಗಿಸಿದ ಮೀಟರಲ್ಲಿ ಆಕ್ಸಿಜನ್ 92 ತೋರಿಸ್ತು. ತಕ್ಷಣ ಮುಖಕ್ಕೆ ಮಾಸ್ಕ್ ಹಾಕಿ ನೆಬ್ಯುಲೈಸರ್ ಕೊಟ್ರು, ಇಪ್ಪತ್ತು ನಿಮಿಷ ಬಿಟ್ಟು ಇನ್ನೊಂದು, ಮತ್ತೆ ಇಪ್ಪತ್ತು ನಿಮಿಷಕ್ಕೆ ಇನ್ನೊಂದು. ಮಧ್ಯದಲ್ಲಿ ನಾಲ್ಕು ಮಾತ್ರೆ ಒಟ್ಟಿಗೆ ನುಂಗೋಕೆ ಕೊಟ್ರು. ಬಿಳಿ ಮಾತ್ರೆ. ನೋಡಿದ ತಕ್ಷಣ ಗುರುತು ಹಿಡಿದೆ, ಇದು ಅದೇ ಅಲ್ವಾ ಅಂತ. ಹೌದು, ಪ್ರೆಡ್ನಿಸಲೋನ್, ಸ್ಟೆರಾಯ್ಡ್ ಇದು ಅಂದ್ರು. ನಾಲ್ಕು ಸೇರಿ 40 ಮಿಲಿಗ್ರಾಂ.

ನೆಬ್ಯುಲೈಸರಿಂದ ಹತ್ತು ನಿಮಿಷದಲ್ಲೇ ಎದೆ ಸ್ವಲ್ಪ ಬಿಡ್ತು. ಅದು ಶ್ವಾಸನಾಳದ ಸುತ್ತ ಬಿಗಿದಿರೋ ಸ್ನಾಯುವನ್ನ ಸಡಿಲ ಮಾಡೋ ಔಷಧಿ, ಬೇಗ ಕೆಲಸ ಮಾಡುತ್ತೆ, ಬೇಗ ಇಳಿದೂ ಹೋಗುತ್ತೆ ಅಂತೆ. ನಾಳದ ಒಳಗೋಡೆಯ ಊತ ಇಳಿಸೋದು ಸ್ಟೆರಾಯ್ಡು, ಅದಕ್ಕೆ ನಾಲ್ಕಾರು ಗಂಟೆ ಬೇಕು. ಇದನ್ನ ಕೇಳ್ತಾ ಕೇಳ್ತಾ ಹಿಂದಿನದೆಲ್ಲಾ ಅರ್ಥ ಆಗೋಕೆ ಶುರು ಆಯ್ತು. ಬೆಳಗ್ಗೆ ತಗೊಂಡ್ರೆ ಒಂದೇ ದಿನದಲ್ಲಿ ಎದೆ ಹಗುರ ಆಗ್ತಿತ್ತಲ್ಲ, ಅದು ಇದರ ಕೆಲಸ. ಮೂರು ಸಲಾನೂ ಹೆಸರು ತಗೊಂಡಿದ್ದು ಆಂಟಿಬಯಾಟಿಕ್.

ಆದ್ರೂ ಮನಸ್ಸು ಒಪ್ಪಲಿಲ್ಲ. ನಾನೇ ಕೇಳಿದೆ, "ಮೇಡಂ, ಆಂಟಿಬಯಾಟಿಕ್ ಇಂಜೆಕ್ಷನ್ ಏನಾದ್ರೂ ಹಾಕ್ತೀರಾ?" ಅಂತ. "ಈಗ ಬೇಡ" ಅಂದ್ರು. ಕಫ ಹಸಿರಿದೆ ಅಂದೆ. ಅವರು ಅವಸರ ಮಾಡದೆ ಪಕ್ಕದಲ್ಲಿ ಸ್ಟೂಲ್ ಎಳ್ಕೊಂಡು ಕೂತು ಹೇಳಿದ್ರು, ಆ ಹಸಿರು ಬ್ಯಾಕ್ಟೀರಿಯಾದ ಬಣ್ಣ ಅಲ್ಲ, ನಮ್ಮದೇ ಬಿಳಿ ರಕ್ತಕಣದ ಒಳಗಿರೋ ಒಂದು ಹಸಿರು ಬಣ್ಣದ ಕಿಣ್ವದ್ದು, ವೈರಸ್ ನೆಗಡೀಲೂ ಕಫ ಹಸಿರಾಗುತ್ತೆ, ಬರೀ ಬಣ್ಣ ನೋಡಿ ಆಂಟಿಬಯಾಟಿಕ್ ಕೊಡೋಕಾಗಲ್ಲ ಅಂತ. ಜ್ವರ ಇಲ್ಲ, ಎಕ್ಸ್‌ರೇ ಕ್ಲಿಯರ್ ಇದೆ, ಇನ್‌ಫೆಕ್ಷನ್ ಜೋರಿದ್ರೆ ರಕ್ತದಲ್ಲಿ ಏರೋ ಸಿಆರ್‌ಪಿ ಬರೀ 8 ಇದೆ. ಎದೆ ಪೂರ್ತಿ ಎರಡೂ ಕಡೆ ಸುಯ್‌ಗುಡ್ತಿದೆ. "ಇದು ಇನ್‌ಫೆಕ್ಷನ್‌ಗಿಂತ ಹೆಚ್ಚಾಗಿ ಅಸ್ತಮಾ ಥರ ಕಾಣ್ತಿದೆ" ಅಂದ್ರು. ಅಸ್ತಮಾ ಅಂದ್ರೆ ಚಿಕ್ಕ ಮಕ್ಕಳಿಂದಾನೇ ಬರೋದು ಅಂತ ಅಂದ್ಕೊಂಡಿದ್ದೆ, ಯಾವ ವಯಸ್ಸಲ್ಲಾದ್ರೂ ಶುರು ಆಗಬಹುದಂತೆ.

ಪಕ್ಕದ ಮಂಚದಲ್ಲಿ ಒಬ್ಬರು ವಯಸ್ಸಾದೋರು ಇದ್ರು, ಅವರಿಗೂ ದಮ್ಮು, ಅವರಿಗೂ ನೆಬ್ಯುಲೈಸರ್. ಅವರಿಗೆ ಮಾತ್ರ ಸ್ಟೆರಾಯ್ಡೂ ಕೊಟ್ರು, ಆಂಟಿಬಯಾಟಿಕ್ಕೂ ಕೊಟ್ರು. ಬೆಳಗ್ಗೆ ರೌಂಡ್ಸಲ್ಲಿ ಬಂದಾಗ ಇದನ್ನೂ ಕೇಳೇಬಿಟ್ಟೆ. ಅವರದ್ದು ಸಿಒಪಿಡಿ, ಬಹಳ ವರ್ಷದ ಹೊಗೆಯಿಂದ ಶ್ವಾಸಕೋಶವೇ ಸವೆದಿರೋ ಕಾಯಿಲೆ, ಅಂಥೋರಲ್ಲಿ ಉಸಿರಾಟದ ತೊಂದರೆ ಜಾಸ್ತಿ ಆಗಿ, ಕಫದ ಪ್ರಮಾಣಾನೂ ಜಾಸ್ತಿ ಆಗಿ, ಬಣ್ಣಾನೂ ಕೀವಿನ ಥರ ಬದಲಾದ್ರೆ, ಮೂರೂ ಸೇರಿದ್ರೆ ಆಗ ಆಂಟಿಬಯಾಟಿಕ್‌ನಿಂದ ಉಪಯೋಗ ಇದೆ ಅಂದ್ರು. ಅಂದ್ರೆ ಒಂದೇ ಥರ ಕೆಮ್ಮೋ ಇಬ್ಬರು ಅಕ್ಕಪಕ್ಕ ಮಲಗಿದ್ರೂ ಔಷಧಿ ಬೇರೆ. ಕೋವಿಡ್ ಟೈಮಲ್ಲಿ ಎಲ್ಲರಿಗೂ ಸ್ಟೆರಾಯ್ಡ್ ಕೊಟ್ರಲ್ಲ ಅಂತ ಅಕ್ಕ ಕೇಳಿದ್ಲು. ಅದಕ್ಕೂ ಉತ್ತರ ಕೊಟ್ರು, 2020ರಲ್ಲಿ ಬ್ರಿಟನ್ನಿನ ರಿಕವರಿ ಅನ್ನೋ ದೊಡ್ಡ ಟ್ರಯಲ್ಲಲ್ಲಿ ಡೆಕ್ಸಾಮೆಥಸೋನ್ ದಿನಕ್ಕೆ 6 ಮಿಲಿಗ್ರಾಂ ಕೊಟ್ಟಾಗ ವೆಂಟಿಲೇಟರಲ್ಲಿದ್ದೋರ ಸಾವು ಮೂರನೇ ಒಂದು ಭಾಗದಷ್ಟು ಕಮ್ಮಿ ಆಯ್ತು, ಆಕ್ಸಿಜನ್ ಬೇಕಾದೋರಿಗೂ ಉಪಯೋಗ ಆಯ್ತು, ಆದ್ರೆ ಆಕ್ಸಿಜನ್ನೇ ಬೇಡದೋರಿಗೆ ಏನೂ ಲಾಭ ಆಗ್ಲಿಲ್ಲ, ಮೊದಲ ದಿನದಿಂದಾನೇ ಮನೇಲಿ ನುಂಗಿದೋರು ಸುಮ್ನೆ ತೊಂದರೆ ತಂದ್ಕೊಂಡ್ರು ಅಂತ.

ಎರಡನೇ ದಿನ ಮನೆಗೆ ಕಳಿಸಿದ್ರು. ಪ್ರೆಡ್ನಿಸಲೋನ್ ಬೆಳಗ್ಗೆ ತಿಂಡಿ ಆದ್ಮೇಲೆ, ಒಟ್ಟು ಐದು ದಿನ. ಈ ಸಲ ಅದು ಏನು ಅಂತ ಗೊತ್ತಿದ್ದು ತಗೊಂಡಿದ್ರಿಂದ ಮೈಯಲ್ಲಿ ಆಗೋದನ್ನೂ ಗಮನಿಸಿದೆ. ಎರಡನೇ ದಿನದಿಂದ ವಿಪರೀತ ಹಸಿವು, ಊಟ ಮಾಡಿ ಎದ್ದ ಅರ್ಧ ಗಂಟೆಗೆ ಮತ್ತೆ ಏನಾದ್ರೂ ಬೇಕು. ರಾತ್ರಿ ಎರಡಾದ್ರೂ ಕಣ್ಣು ಮುಚ್ಚಲ್ಲ, ತಲೆ ಓಡ್ತಾನೇ ಇರುತ್ತೆ. ಸಣ್ಣದಕ್ಕೆಲ್ಲಾ ಸಿಟ್ಟು, ಅಕ್ಕ ಬಾಗಿಲು ಜೋರಾಗಿ ಹಾಕಿದ್ಲು ಅಂತ ಅವಳ ಮೇಲೆ ಕೂಗಾಡಿ ಆಮೇಲೆ ಒಬ್ಬರೇ ಕೂತು ಅಳು ಬಂತು. ಹಿಂದಿನ ಮೂರು ಸಲಾನೂ ಇದೆಲ್ಲಾ ಆಗಿತ್ತು, ಕಾಯಿಲೆಯಿಂದ ಅಂತ ಅಂದ್ಕೊಂಡಿದ್ದೆ. ಐದನೇ ದಿನ ಒಂದೇ ಸಲ ನಿಲ್ಸಿದ್ರೆ ತೊಂದರೆ ಆಗಲ್ವಾ ಅಂತ ಫೋನ್ ಮಾಡಿ ಕೇಳಿದೆ. ಇಷ್ಟು ಚಿಕ್ಕ ಕೋರ್ಸನ್ನ ಹಾಗೇ ನಿಲ್ಲಿಸಬಹುದು, ಮೂರು ವಾರಕ್ಕಿಂತ ಜಾಸ್ತಿ ತಗೊಂಡಿದ್ರೆ ನಮ್ಮ ಮೈಯೊಳಗಿನ ಅಡ್ರಿನಲ್ ಗ್ರಂಥಿ ತಾನು ಮಾಡೋ ಸ್ಟೆರಾಯ್ಡನ್ನ ನಿಲ್ಲಿಸಿಬಿಟ್ಟಿರಬಹುದು, ಆಗ ಥಟ್ಟನೆ ಬಿಟ್ರೆ ಬಿಪಿ ಬಿದ್ದು ಪ್ರಾಣಕ್ಕೇ ಬರಬಹುದು, ಅದಕ್ಕೆ ಸ್ವಲ್ಪ ಸ್ವಲ್ಪನೇ ಇಳಿಸ್ತಾರೆ ಅಂದ್ರು.

ಎರಡು ವಾರ ಆದ್ಮೇಲೆ ಶ್ವಾಸಕೋಶದ ಡಾಕ್ಟರ್ ಹತ್ರ ಹೋದೆ. ಹಳೇ ಚೀಟಿ, ಖಾಲಿ ಸ್ಟ್ರಿಪ್ಪು ಎಲ್ಲಾ ತಗೊಂಡು ಬನ್ನಿ ಅಂದಿದ್ರು. ಅವರು ಒಂದೊಂದೇ ಟೇಬಲ್ ಮೇಲೆ ಸಾಲಾಗಿ ಜೋಡಿಸಿದ್ರು. ಒಂದು ವರ್ಷದೊಳಗೆ ಐದು ಆಂಟಿಬಯಾಟಿಕ್ ಕೋರ್ಸು, ನಾಲ್ಕು ಸ್ಟೆರಾಯ್ಡ್ ಕೋರ್ಸು. ಸಾಲು ನೋಡಿ ನನಗೇ ಎದೆ ಧಸಕ್ ಅಂತು. ಜೀವನದಲ್ಲಿ ಒಟ್ಟು ನಾಲ್ಕೈದು ಸಲ ಇಂಥ ಸ್ಟೆರಾಯ್ಡ್ ಕೋರ್ಸ್ ಆದ್ರೂ ಮೂಳೆ ಸವೆತ, ಶುಗರ್, ಕಣ್ಣಿನ ಪೊರೆ ಇಂಥದ್ದರ ಅಪಾಯ ಹೆಚ್ಚಾಗುತ್ತಂತೆ, ನಾನು ಅದನ್ನ ಒಂದೇ ವರ್ಷದಲ್ಲಿ ಮುಗಿಸಿದ್ದೆ. ಲೆವೊಫ್ಲಾಕ್ಸಾಸಿನ್ ಸ್ಟ್ರಿಪ್ ನೋಡಿ ಅವರ ಮುಖ ಬಿಗಿ ಆಯ್ತು. "ಇದನ್ನ ಯಾರು ಬರೆದ್ರು?" ಅಂದ್ರು. ಯಾರೂ ಇಲ್ಲ ಸರ್, ನಾನೇ ತಗೊಂಡೆ ಅಂದೆ. ಈ ಗುಂಪಿನ ಔಷಧಿಗಳು ಟಿಬಿ ಕ್ರಿಮಿ ಮೇಲೂ ಅರ್ಧಂಬರ್ಧ ಕೆಲಸ ಮಾಡ್ತವೆ, ಒಳಗೆ ಟಿಬಿ ಇದ್ರೆ ಸ್ವಲ್ಪ ದಿನ ಅಡಗಿಸಿಬಿಡ್ತವೆ, ಪತ್ತೆ ಆಗೋದು ತಡ ಆಗುತ್ತೆ, ಕ್ರಿಮಿಗೆ ಔಷಧಿ ನಾಟದ ಹಾಗೂ ಆಗಬಹುದು ಅಂದ್ರು. ಅದಕ್ಕೇ ಕಫ ಟಿಬಿ ಟೆಸ್ಟಿಗೂ ಕಳಿಸಿದ್ರು, ಏನೂ ಇರ್ಲಿಲ್ಲ. ಆಮೇಲೆ ಹಿಮ್ಮಡಿ ಮೇಲಿನ ಸ್ನಾಯುರಜ್ಜು ಒತ್ತಿ ನೋಡಿ ನೋವಿದೆಯಾ ಅಂತ ಕೇಳಿದ್ರು, ನನಗೆ ಆಶ್ಚರ್ಯ ಆಯ್ತು, ಕೆಮ್ಮಿಗೂ ಹಿಮ್ಮಡಿಗೂ ಏನು ಸಂಬಂಧ ಅಂತ. ಈ ಆಂಟಿಬಯಾಟಿಕ್ ಜೊತೆ ಸ್ಟೆರಾಯ್ಡೂ ಸೇರಿದ್ರೆ ಅಲ್ಲಿನ ಸ್ನಾಯುರಜ್ಜು ಹರಿಯೋ ಅಪಾಯ ಹೆಚ್ಚಂತೆ. ನನಗೆ ನೋವಿರ್ಲಿಲ್ಲ, ಅದೃಷ್ಟ ಅಷ್ಟೆ.

ಊದೋ ಟೆಸ್ಟ್, ಸ್ಪೈರೊಮೆಟ್ರಿ, ಅವತ್ತೇ ಮಾಡಿಸಿದ್ರು. ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಪೈಪ್ ಕೊಟ್ಟು, ಉಸಿರು ಪೂರ್ತಿ ತುಂಬ್ಕೊಂಡು ಜೋರಾಗಿ ಊದಬೇಕು, ಆಮೇಲೂ ಬಿಡದೆ ಊದ್ತಾನೇ ಇರಬೇಕು. ಟೆಕ್ನಿಷಿಯನ್ "ಇನ್ನೂ ಇನ್ನೂ ಇನ್ನೂ ಬಿಡಬೇಡಿ" ಅಂತ ಹುರಿದುಂಬಿಸ್ತಿದ್ರು, ನನಗೆ ಕಣ್ಣು ಕತ್ತಲೆ ಬಂದಂಗಾಯ್ತು. ಮೊದಲ ಸೆಕೆಂಡಲ್ಲಿ ಹೊರಗೆ ಬಂದ ಗಾಳಿ 1.92 ಲೀಟರ್. ಆಮೇಲೆ ಸಾಲ್ಬುಟಮಾಲ್ ಅನ್ನೋ ನಾಳ ಬಿಚ್ಚೋ ಔಷಧಿ ನಾಲ್ಕು ಪಫ್ ಎಳೆಸಿ ಹದಿನೈದು ನಿಮಿಷ ಕೂರಿಸಿ ಮತ್ತೆ ಊದಿಸಿದ್ರು, 2.36 ಬಂತು. 12 ಪರ್ಸೆಂಟು, ಜೊತೆಗೆ 200 ಎಂಎಲ್ ಏರಿದ್ರೆ ಸಾಕು, ನಾಳ ಬಿಗಿದು ಮತ್ತೆ ಬಿಡ್ತಿದೆ ಅಂತ ಅರ್ಥ, ನಿಮ್ಮದು 440 ಎಂಎಲ್ ಏರಿದೆ ಅಂತ ಗ್ರಾಫ್ ತಿರುಗಿಸಿ ತೋರಿಸಿದ್ರು. ಗೆರೆ ಎರಡೂ ಒಂದರ ಮೇಲೊಂದು, ಮಧ್ಯೆ ಅಷ್ಟಗಲ ಜಾಗ. ಹತ್ತು ತಿಂಗಳು ನಾನು ಉಸಿರಾಡದೇ ಬಿಟ್ಟಿದ್ದ ಗಾಳಿ ಅದು, ಈಗಲೂ ಆ ಗ್ರಾಫ್ ಫೈಲಲ್ಲಿ ಇಟ್ಕೊಂಡಿದೀನಿ.

ಇನ್ಹೇಲರ್ ಬರೆದ್ರು. ಬುಡೆಸೊನೈಡ್ ಅನ್ನೋ ಸ್ಟೆರಾಯ್ಡು, ಫಾರ್ಮೊಟೆರಾಲ್ ಅನ್ನೋ ನಾಳ ಬಿಚ್ಚೋ ಔಷಧಿ, ಎರಡೂ ಒಂದರಲ್ಲೇ. ಮತ್ತೆ ಸ್ಟೆರಾಯ್ಡಾ ಅಂತ ನನಗೆ ಬೇಜಾರಾಯ್ತು, ಇನ್ಹೇಲರ್ ಒಂದ್ಸಲ ಹಿಡಿದ್ರೆ ಬಿಡೋಕಾಗಲ್ಲ ಅಂತ ಅಕ್ಕನೂ ಅಂದಿದ್ಲು. ಸರ್ ಒಂದು ಲೆಕ್ಕ ಹೇಳಿದ್ರು. ಮಾತ್ರೇಲಿ ತಗೊಳ್ತಿದ್ದದ್ದು ದಿನಕ್ಕೆ 40 ಮಿಲಿಗ್ರಾಂ, ಅದು ರಕ್ತದಲ್ಲಿ ಇಡೀ ಮೈಗೆ ಹೋಗುತ್ತೆ. ಇನ್ಹೇಲರಲ್ಲಿ ಒಂದು ಎಳೆತಕ್ಕೆ 200 ಮೈಕ್ರೋಗ್ರಾಂ, ಒಂದು ಮಿಲಿಗ್ರಾಂ ಆಗೋಕೇ ಐದು ಎಳೆತ ಬೇಕು, ಅದೂ ನೇರ ಊತ ಇರೋ ಜಾಗಕ್ಕೇ ಬೀಳುತ್ತೆ. ಎರಡೂ ಬೇರೆ ಬೇರೆ ಔಷಧಿ, ತೂಕಕ್ಕೆ ತೂಕ ಹೋಲಿಸೋಕಾಗಲ್ಲ, ಆದ್ರೆ ಮೈಮೇಲೆ ಬೀಳೋ ಭಾರ ಎಷ್ಟು ಬೇರೆ ಅಂತ ಅರ್ಥ ಮಾಡ್ಕೊಳ್ಳಿ ಅಂದ್ರು. ದಿನಾ ಇದನ್ನ ತಗೊಂಡ್ರೆ ಆ ಮಾತ್ರೆ ಬೇಕಾಗೋ ಪರಿಸ್ಥಿತೀನೇ ಕಮ್ಮಿ ಆಗುತ್ತೆ. ಉಸಿರು ಕಟ್ಟಿದಾಗ ಬರೀ ಸಾಲ್ಬುಟಮಾಲ್ ಎಳ್ಕೊಂಡು ಕಾಲ ತಳ್ಳೋದನ್ನ 2019ರಿಂದ ಅಸ್ತಮಾದ ಅಂತಾರಾಷ್ಟ್ರೀಯ ಮಾರ್ಗಸೂಚೀಲೇ ಬೇಡ ಅಂದಿದಾರೆ, ಯಾಕಂದ್ರೆ ನಾಳ ಬಿಚ್ಚಿದ್ರೂ ಒಳಗಿನ ಊತ ಹಾಗೇ ಇರುತ್ತೆ.

ಎಳೆಯೋದು ಕಲಿಯೋಕೆ ನನಗೆ ಮೂರು ಭೇಟಿ ಬೇಕಾಯ್ತು, ಇದನ್ನ ಯಾರೂ ಸುಲಭ ಅಂತ ಬಿಡಬೇಡಿ. ಒತ್ತೋ ಥರದ ಇನ್ಹೇಲರ್ ನಂದು. ಮೊದಲು ಚೆನ್ನಾಗಿ ಅಲ್ಲಾಡಿಸಿ, ಉಸಿರು ಪೂರ್ತಿ ಹೊರಗೆ ಬಿಟ್ಟು, ತುಟಿ ಬಿಗಿಯಾಗಿ ಮುಚ್ಚಿ, ನಿಧಾನವಾಗಿ ಎಳೆಯೋಕೆ ಶುರು ಮಾಡಿ ಆಗ ಒತ್ತಬೇಕು, ಆಮೇಲೆ ಹತ್ತು ಎಣಿಸೋವರೆಗೂ ಉಸಿರು ಹಿಡಿದಿಟ್ಕೋಬೇಕು. ನಾನು ಮೊದಲು ಒತ್ತಿ ಆಮೇಲೆ ಎಳೀತಿದ್ದೆ, ಔಷಧಿ ಎಲ್ಲಾ ಗಂಟಲಿಗೇ ಬಡಿದು ಅಲ್ಲೇ ಕೂತ್ಕೊಳ್ತಿತ್ತು. ಬಾಯಿ ಮುಕ್ಕಳಿಸೋದನ್ನೂ ಮರೀತಿದ್ದೆ. ಮೂರನೇ ವಾರಕ್ಕೆ ನಾಲಿಗೆ ಹಿಂಭಾಗದಲ್ಲಿ, ಅಂಗುಳಲ್ಲಿ ಹಾಲಿನ ಕೆನೆ ಅಂಟಿದ ಹಾಗೆ ಬಿಳಿ ಬಿಳಿ ಮಚ್ಚೆ, ನುಂಗಿದ್ರೆ ಉರಿ. ಅದು ಫಂಗಸ್. ಬಾಯಿಗೆ ಹಾಕ್ಕೊಳ್ಳೋ ಡ್ರಾಪ್ಸ್ ಕೊಟ್ರು, ಇನ್ಹೇಲರಿಗೆ ಸ್ಪೇಸರ್ ಅನ್ನೋ ಪ್ಲಾಸ್ಟಿಕ್ ಡಬ್ಬಿ ಸಿಗಿಸಿಕೊಟ್ರು, ಎಳೆದಾದ್ಮೇಲೆ ಬಾಯಿ ಮುಕ್ಕಳಿಸಿ ಉಗೀಬೇಕು ಅಂತ ಮತ್ತೆ ಹೇಳಿದ್ರು. ಈಗ ಇನ್ಹೇಲರ್ ಹಲ್ಲುಜ್ಜೋ ಬ್ರಶ್ ಪಕ್ಕದಲ್ಲೇ ಇರುತ್ತೆ, ಎಳೀತೀನಿ, ಹಲ್ಲುಜ್ತೀನಿ, ಮರೆಯೋ ಪ್ರಶ್ನೇನೇ ಇಲ್ಲ.

ಇದೆಲ್ಲಾ ಓದಿ ಆಂಟಿಬಯಾಟಿಕ್ಕೇ ಕೆಟ್ಟದ್ದು ಅಂತ ಅಂದ್ಕೋಬೇಡಿ. ಮುಂದಿನ ವರ್ಷ ನನಗೆ ನಿಜವಾಗ್ಲೂ ಅದು ಬೇಕಾಯ್ತು. ಒಂದು ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಚಳಿ ನಡುಗಿಸಿ 103 ಡಿಗ್ರಿ ಜ್ವರ, ಬಲಗಡೆ ಪಕ್ಕೆಲುಬಿನ ಕೆಳಗೆ ಉಸಿರು ಎಳೆದಾಗಲೆಲ್ಲಾ ಚಾಕು ಚುಚ್ಚಿದ ಹಾಗೆ ನೋವು, ಕಫದಲ್ಲಿ ತುಕ್ಕಿನ ಬಣ್ಣ. ಈ ಸಲ ಸುಯ್ ಶಬ್ದಾನೇ ಇಲ್ಲ. ಮೈ ಹೇಳ್ತಿದ್ದ ಭಾಷೇನೇ ಬೇರೆ, ಅದು ನನಗೂ ಗೊತ್ತಾಯ್ತು. ಎಕ್ಸ್‌ರೇಲಿ ಬಲಗಡೆ ಕೆಳಭಾಗದಲ್ಲಿ ಬಿಳೀ ಮೋಡದ ಹಾಗೆ ಕಾಣ್ತು, ನ್ಯುಮೋನಿಯಾ. ಸಿಆರ್‌ಪಿ ಹಿಂದೆ 8 ಇದ್ದದ್ದು ಈಗ 186. ಅಮಾಕ್ಸಿಸಿಲಿನ್ ಕೊಟ್ರು, ಸ್ಟೆರಾಯ್ಡ್ ಮಾತ್ರೆ ಕೊಡ್ಲಿಲ್ಲ, ಸುಯ್‌ಗುಟ್ತಿಲ್ಲ ಸದ್ಯಕ್ಕೆ ಬೇಡ, ದಿನದ ಇನ್ಹೇಲರ್ ಮಾತ್ರ ನಿಲ್ಲಿಸಬೇಡಿ ಅಂದ್ರು. ಇಲ್ಲಿ ಒಂದೇ ದಿನದ ಪವಾಡ ಏನೂ ಆಗ್ಲಿಲ್ಲ. ಮೊದಲ ರಾತ್ರಿ ಜ್ವರ ಹಾಗೇ ಇತ್ತು, ಎರಡನೇ ರಾತ್ರಿ ಬೆವರಿ ಬೆವರಿ ಹಾಸಿಗೆ ಒದ್ದೆ ಆಯ್ತು, ಮೂರನೇ ದಿನ ಥರ್ಮಾಮೀಟರ್ 99ಕ್ಕೆ ಬಂತು, ಅವತ್ತು ಮೊದಲ ಸಲ ಆಂಟಿಬಯಾಟಿಕ್ ನಿಜವಾಗಿ ಕೆಲಸ ಮಾಡೋದು ಹೇಗಿರುತ್ತೆ ಅಂತ ನೋಡಿದೆ. ಸುಸ್ತು ಹೋಗೋಕೆ ಒಂದು ತಿಂಗಳು ಹಿಡೀತು. ಮೊದಲು ನುಂಗಿದ ಐದು ಕೋರ್ಸಿನಿಂದ ಕ್ರಿಮಿಗಳು ಪಳಗಿಬಿಟ್ಟಿದ್ರೆ ಈ ಸಾದಾ ಔಷಧಿ ನಾಟ್ತಿತ್ತೋ ಇಲ್ವೋ ಅನ್ನೋ ಭಯ ಆ ಮೂರು ದಿನಾನೂ ಇತ್ತು. ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ತಗೊಳ್ಳೋವಾಗಲೇ ಈ ಎಚ್ಚರಿಕೆ ಕೊಟ್ಟಿದ್ರು, ಕಮ್ಮಿ ಪ್ರಮಾಣದಲ್ಲಿ ಪೆನಿಸಿಲಿನ್ ತಗೊಂಡ್ರೆ ಕ್ರಿಮಿಗಳು ಸಾಯದೆ ಅದಕ್ಕೇ ಒಗ್ಗಿಹೋಗ್ತವೆ ಅಂತ. ಓದಿದ್ದೆ, ಜ್ವರದಲ್ಲಿ ಮಲಗಿದಾಗ ನೆನಪಾಯ್ತು.

ಈಗ ಒಂದು ನೋಟ್‌ಬುಕ್ ಇಟ್ಟಿದೀನಿ. ದಿನಾಂಕ, ಬೆಳಗ್ಗೆ ಪೀಕ್ ಫ್ಲೋ ಮೀಟರ್, ಅಂದ್ರೆ ಎಷ್ಟು ಜೋರಾಗಿ ಊದಬಲ್ಲೆ ಅಂತ ಅಳೆಯೋ ಸಾಧನ, ಊದಿದಾಗ ಬಂದ ನಂಬರು, ಜ್ವರ ಇದೆಯಾ, ಸುಯ್ ಇದೆಯಾ, ರಾತ್ರಿ ಎಚ್ಚರ ಆಯ್ತಾ, ಯಾವ ಔಷಧಿ, ಯಾಕೆ. ಈ ಯಾಕೆ ಅನ್ನೋ ಕಾಲಂ ನಾನೇ ಸೇರಿಸಿದ್ದು. ಡಾಕ್ಟರ್ ಎರಡು ಔಷಧಿ ಬರೆದ್ರೆ ಈಗ ಅಲ್ಲೇ ಕೂತು ಕೇಳ್ತೀನಿ, ಇದು ಯಾವುದಕ್ಕೆ, ಅದು ಯಾವುದಕ್ಕೆ, ಎಷ್ಟು ದಿನಕ್ಕೆ ಗುಣ ಕಾಣಬೇಕು, ಕಾಣದಿದ್ರೆ ಏನು ಮಾಡಬೇಕು ಅಂತ. ಇದುವರೆಗೂ ಯಾರೂ ಬೇಜಾರು ಮಾಡ್ಕೊಂಡಿಲ್ಲ. ನನ್ನ ಡೋಸು ನನಗೆ ಬರೆದದ್ದು, ದಯವಿಟ್ಟು ಮೇಲಿನ ಯಾವ ಮಾತ್ರೇನೂ ಇದನ್ನ ನೋಡಿ ತಗೋಬೇಡಿ.

ಹೋದ ತಿಂಗಳು ಮತ್ತೆ ನೆಗಡಿ ಬಂತು. ಐದನೇ ದಿನ ಕಫ ಹಳದಿ ಆಯ್ತು. ಜ್ವರ ಇರ್ಲಿಲ್ಲ. ಪೀಕ್ ಫ್ಲೋ 410 ಇರೋದು 360ಕ್ಕೆ ಇಳೀತು, ಬರೆದುಕೊಟ್ಟ ಪ್ಲಾನ್ ಪ್ರಕಾರ ಇನ್ಹೇಲರ್ ಎರಡು ಎಳೆತ ಜಾಸ್ತಿ ಮಾಡಿ ಸರ್‌ಗೆ ಫೋನ್ ಮಾಡಿದೆ. ಇನ್ನೂ ಕೆಳಗೆ ಹೋದ್ರೆ ಇಲ್ಲಾ ಮಾತಾಡೋಕೆ ಕಷ್ಟ ಆದ್ರೆ ತಕ್ಷಣ ಬನ್ನಿ, ಇಲ್ದಿದ್ರೆ ಕಾಯಿರಿ, ಕೆಮ್ಮು ಎರಡು ಮೂರು ವಾರ ಇರೋದು ಸಹಜ ಅಂದ್ರು. ಕಾದೆ. ಒಂಬತ್ತನೇ ದಿನ ಕೈ ತಾನಾಗೇ ಹಳೇ ಚೀಟಿ ಇದ್ದ ಡ್ರಾಯರ್ ಕಡೆ ಹೋಯ್ತು, ಚೀಟಿ ಅಲ್ಲಿರ್ಲಿಲ್ಲ, ಅಕ್ಕ ಎಂದೋ ತೆಗೆದು ಹರಿದುಹಾಕಿದ್ಲು. ಹದಿನಾಲ್ಕನೇ ದಿನ ನಂಬರು 400 ದಾಟ್ತು. ಹದಿನೇಳನೇ ರಾತ್ರಿ ಒಂದೂ ಸಲ ಎಚ್ಚರ ಆಗ್ಲಿಲ್ಲ.